ಸಿಸ್ಟಿಕ್ ಫೈಬ್ರೋಸಿಸ್ ಇರುವ ಮಗನಿಗೆ ಎದೆಯ ಸೋಂಕು ಮರುಕಳಿಸುತ್ತಿದೆ: ಕೆಮ್ಮೇ ಇಲ್ಲದಿರುವಾಗಲೂ ಔಷಧಿ ಕೊಡಬೇಕೇ?

ಪ್ರಶ್ನೆ: ಬಿಸಿಲೂರಿನ ತಾಯಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ ಈಗ ಐದು ವರ್ಷ ನಾಲ್ಕು ತಿಂಗಳು. ಕಳೆದ ದೀಪಾವಳಿಗೆ ಒಂದು ವಾರ ಮುಂಚೆ ಅವನಿಗೆ ಸಿಸ್ಟಿಕ್ ಫೈಬ್ರೋಸಿಸ್ (ಶ್ವಾಸನಾಳದ ಲೋಳೆ ಗಟ್ಟಿಯಾಗುವ, ಹುಟ್ಟಿನಿಂದ ಬರುವ ಕಾಯಿಲೆ) ಇದೆಯೆಂದು ಬೆವರು ಪರೀಕ್ಷೆಯಿಂದ ಗೊತ್ತಾಯಿತು. ಎರಡು ಸಲ ಪರೀಕ್ಷೆ ಮಾಡಿದಾಗಲೂ ಬೆವರಿನ ಕ್ಲೋರೈಡ್ (ಉಪ್ಪಿನ ಅಂಶ) 90ಕ್ಕಿಂತ ಹೆಚ್ಚು ಬಂದಿತ್ತು. 60 ಮುಟ್ಟಿದರೇ ಈ ಕಾಯಿಲೆಯ ಲಕ್ಷಣವೆಂದು ಅಲ್ಲಿನ ವೈದ್ಯರು ತಿಳಿಸಿದರು.

ಅದಕ್ಕೆ ಮುಂಚಿನ ವರ್ಷಗಳನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಏಳನೆಯ ತಿಂಗಳಲ್ಲಿ ಮೊದಲ ನ್ಯುಮೋನಿಯಾ ಬಂತು. ನಂತರ ಪ್ರತಿ ಮಳೆಗಾಲ, ಪ್ರತಿ ಚಳಿಗಾಲ ಆಸ್ಪತ್ರೆಗೆ ಸೇರಿಸುವುದು ತಪ್ಪಲಿಲ್ಲ. ಒಬ್ಬರು ಆಸ್ತಮಾ ಎಂದರು, ಇನ್ನೊಬ್ಬರು ಅಲರ್ಜಿ ಎಂದರು. ಮೂರನೆಯ ವರ್ಷದಲ್ಲಿ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ಕಲೆ ಕಂಡಿತೆಂದು, ಕಫದಲ್ಲಿ ಕ್ಷಯದ ರೋಗಾಣು ಸಿಗದಿದ್ದರೂ, ಆರು ತಿಂಗಳು ಕ್ಷಯದ ಔಷಧಿ ಕೊಟ್ಟರು. ಬೇಸಿಗೆಯಲ್ಲಿ ಅವನು ಮಧ್ಯಾಹ್ನ ಮಲಗಿ ಎದ್ದಾಗ ಹಣೆಯ ಮೇಲೆ, ಕಿವಿಯ ಪಕ್ಕದಲ್ಲಿ, ಒಣಗಿದ ಬೆವರು ಬಿಳಿ ಪುಡಿಯಾಗಿ ಕೂತಿರುತ್ತಿತ್ತು. ಮುತ್ತಿಟ್ಟರೆ ತುಟಿಗೆ ಉಪ್ಪು ಹತ್ತುತ್ತಿತ್ತು. ನಾನೂ ನೋಡಿದ್ದೆ, ನಮ್ಮ ಅತ್ತೆಯವರೂ ನೋಡಿದ್ದರು. ಈ ಊರಿನ ಬಿಸಿಲಿಗೆ ಯಾರ ಮಗು ತಾನೆ ಬೆವರುವುದಿಲ್ಲ ಎಂದುಕೊಂಡು ಒದ್ದೆ ಬಟ್ಟೆಯಿಂದ ಒರೆಸಿ ಸುಮ್ಮನಾಗುತ್ತಿದ್ದೆವು.

ಈಗ ಊಟದ ಜೊತೆ ಜೀರ್ಣಕ್ಕೆ ಕಿಣ್ವದ ಕ್ಯಾಪ್ಸೂಲ್, ವಿಟಮಿನ್, ಉಪ್ಪುನೀರಿನ ನೆಬ್ಯುಲೈಸೇಶನ್, ಎದೆ ತಟ್ಟುವ ವ್ಯಾಯಾಮ ಎಲ್ಲವೂ ನಡೆದಿವೆ. ಏಳು ತಿಂಗಳಲ್ಲಿ ಎರಡೂಕಾಲು ಕಿಲೋ ತೂಕ ಏರಿದೆ. ಆದರೂ ಈ ಅವಧಿಯಲ್ಲಿ ಎರಡು ಸಲ ಸೋಂಕಾಯಿತು. ಕಳೆದ ವಾರ, ಅವನು ಪೂರ್ತಿ ಚೆನ್ನಾಗಿದ್ದಾಗ, ಜ್ವರವಿಲ್ಲದೆ ಕೆಮ್ಮಿಲ್ಲದೆ ಓಡಾಡಿಕೊಂಡಿದ್ದಾಗ, ತಪಾಸಣೆಗೆಂದು ತೆಗೆದ ಕಲ್ಚರ್‌ನಲ್ಲಿ (ರೋಗಾಣು ಬೆಳೆಸಿ ನೋಡುವ ಪರೀಕ್ಷೆಯಲ್ಲಿ) ಮೊದಲ ಸಲ ಸ್ಯೂಡೋಮೊನಾಸ್ ಎಂಬ ರೋಗಾಣು ಸಿಕ್ಕಿದೆ. ಇಪ್ಪತ್ತೆಂಟು ದಿನ ದಿನಕ್ಕೆರಡು ಬಾರಿ ಟೋಬ್ರಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಔಷಧಿಯನ್ನು ನೆಬ್ಯುಲೈಸರ್ ಮೂಲಕ ಕೊಡಬೇಕೆಂದು ವೈದ್ಯರು ಬರೆದುಕೊಟ್ಟಿದ್ದಾರೆ. ಆಡಿಕೊಂಡಿರುವ ಮಗುವಿಗೆ ಏಕೆ ಇಷ್ಟು ಭಾರಿ ಔಷಧಿ, ನಾಳೆ ನಿಜವಾಗಿ ಕಾಯಿಲೆಯಾದಾಗ ಇದು ಹತ್ತದೆ ಹೋದರೆ ಏನು ಮಾಡುವುದು ಎಂದು ಮನೆಯವರೆಲ್ಲ ಕೇಳುತ್ತಿದ್ದಾರೆ. ನನ್ನಲ್ಲಿ ಉತ್ತರವಿಲ್ಲ.

ಸೋಂಕು ಏಕೆ ಹೀಗೆ ಮತ್ತೆ ಮತ್ತೆ ಬರುತ್ತದೆ, ಇವನಿಗೆ ರೋಗನಿರೋಧಕ ಶಕ್ತಿಯೇ ಇಲ್ಲವೇ? ಚೆನ್ನಾಗಿರುವಾಗಲೂ ಔಷಧಿ ಕೊಡಲೇಬೇಕೇ? ಜೂನ್‌ನಲ್ಲಿ ಶಾಲೆಗೆ ಕಳಿಸಬಹುದೇ? ಇನ್ನೊಂದು ಮಾತನ್ನು ಸಂಕೋಚದಿಂದಲೇ ಕೇಳುತ್ತಿದ್ದೇನೆ: ನಾನು ಮದುವೆಯಾಗಿರುವುದು ನನ್ನ ಸೋದರಮಾವನ ಮಗನನ್ನು. ಅದರಿಂದಲೇ ಹೀಗಾಯಿತೇ?

ಉತ್ತರ: ಮಕ್ಕಳ ವೈದ್ಯ, ಶಿವಮೊಗ್ಗ

ಅಮ್ಮಾ, ನಿಮ್ಮ ಮೊದಲ ಪ್ರಶ್ನೆಯನ್ನು ಸ್ವಲ್ಪ ವಿವರವಾಗಿ ಬಿಡಿಸುತ್ತೇನೆ. ಅದು ಸ್ಪಷ್ಟವಾದರೆ ಮನೆಯವರಿಗೆ ಏನು ಹೇಳಬೇಕೆಂಬುದೂ ನಿಮಗೆ ತಾನಾಗಿ ತಿಳಿಯುತ್ತದೆ.

ನಿಮ್ಮ ಮಗನ ರೋಗನಿರೋಧಕ ಶಕ್ತಿ ಸರಿಯಾಗಿಯೇ ಇದೆ. ಈ ಮಕ್ಕಳಿಗೆ ಕಾಲಿನ ಗಾಯ ಬೇಗ ಕೀವಾಗುವುದಿಲ್ಲ, ದಡಾರ ಉಳಿದವರಿಗಿಂತ ಹೆಚ್ಚಾಗಿ ಕಾಡುವುದಿಲ್ಲ. ತೊಂದರೆ ಇರುವುದು ಶ್ವಾಸನಾಳವನ್ನು ಶುಚಿಮಾಡುವ ವ್ಯವಸ್ಥೆಯಲ್ಲಿ. ನಮ್ಮ ಏಳನೆಯ ವರ್ಣತಂತುವಿನಲ್ಲಿ ಸಿಎಫ್‌ಟಿಆರ್ ಎಂಬ ವಂಶವಾಹಿ ಇದೆ; ಅದನ್ನು 1989ರಲ್ಲಿ ಪತ್ತೆಹಚ್ಚಿದರು. ಜೀವಕೋಶದ ಗೋಡೆಯಲ್ಲಿ ಕ್ಲೋರೈಡ್ ಹಾದುಹೋಗುವ ಬಾಗಿಲನ್ನು ಕಟ್ಟುವುದು ಅದರ ಕೆಲಸ. ಶ್ವಾಸನಾಳದಲ್ಲಿ ಈ ಬಾಗಿಲು ಕೆಲಸ ಮಾಡದಿದ್ದರೆ ಒಳಗೋಡೆಯ ಮೇಲಿರಬೇಕಾದ ತೆಳುವಾದ ನೀರಿನ ಪದರ ಬತ್ತುತ್ತದೆ, ಅದರ ಮೇಲೆ ತೇಲಬೇಕಾದ ಲೋಳೆ ಗಟ್ಟಿಯಾಗುತ್ತದೆ. ಒಲೆಯ ಮೇಲಿನ ಬೆಲ್ಲದ ಪಾಕ ನೀರು ಆರುತ್ತ ಆರುತ್ತ ಎಳೆಪಾಕದಿಂದ ಗಟ್ಟಿಪಾಕಕ್ಕೆ ತಿರುಗುವುದನ್ನು ನೀವು ನೋಡಿರುತ್ತೀರಿ, ಇದೂ ಹಾಗೆಯೇ. ಧೂಳನ್ನೂ ರೋಗಾಣುವನ್ನೂ ಹಗಲಿರುಳು ಗಂಟಲಿನ ಕಡೆಗೆ ತಳ್ಳುತ್ತಿರಬೇಕಾದ ಸೂಕ್ಷ್ಮ ರೋಮಗಳು ಆ ಅಂಟಿನಲ್ಲಿ ಸಿಕ್ಕಿಕೊಳ್ಳುತ್ತವೆ. ಎಲ್ಲ ಮಕ್ಕಳೂ ಉಸಿರಿನೊಂದಿಗೆ ಅದೇ ರೋಗಾಣುಗಳನ್ನು ಒಳಗೆಳೆದುಕೊಳ್ಳುತ್ತಾರೆ. ಉಳಿದ ಮಕ್ಕಳಲ್ಲಿ ಅವು ಕೆಲವೇ ಗಂಟೆಗಳಲ್ಲಿ ಹೊರಬೀಳುತ್ತವೆ, ನಿಮ್ಮ ಮಗನಲ್ಲಿ ಉಳಿದುಕೊಳ್ಳುತ್ತವೆ. ಬೆವರಿನ ಗ್ರಂಥಿಯಲ್ಲಿ ಇದೇ ಬಾಗಿಲು ಉಪ್ಪನ್ನು ವಾಪಸು ಹೀರಿಕೊಳ್ಳಬೇಕು. ಅದು ಆಗದ ಕಾರಣ ಹಣೆಯ ಮೇಲೆ ಆ ಬಿಳಿ ಪುಡಿ.

ಉಳಿದುಕೊಂಡ ರೋಗಾಣುಗಳನ್ನು ಕೊಲ್ಲಲು ಬಿಳಿರಕ್ತಕಣಗಳು ದಂಡುಕಟ್ಟಿ ಬರುತ್ತವೆ. ಅವು ಅಲ್ಲೇ ಸತ್ತಾಗ ಒಳಗಿನ ಡಿಎನ್‌ಎ ಎಳೆಗಳು ಕಫಕ್ಕೆ ಸೇರಿ ಅದನ್ನು ಇನ್ನಷ್ಟು ಅಂಟಾಗಿಸುತ್ತವೆ. ಹೀಗೆ ಕಫದಿಂದ ಸೋಂಕು, ಸೋಂಕಿನಿಂದ ಮತ್ತಷ್ಟು ಕಫ. ಕೆಲವು ಮಕ್ಕಳಿಗೆ ಬರೆದುಕೊಡುವ ಡಾರ್ನೇಸ್ ಆಲ್ಫಾ ಎಂಬ ನೆಬ್ಯುಲೈಸರ್ ಔಷಧಿ ಈ ಡಿಎನ್‌ಎ ಎಳೆಗಳನ್ನು ಕತ್ತರಿಸುವಂಥದ್ದು.

ಯಾವ ರೋಗಾಣು ಯಾವಾಗ ಬರುತ್ತದೆ ಎಂಬುದಕ್ಕೂ ಒಂದು ಸಾಮಾನ್ಯ ಕ್ರಮವಿದೆ. ಮೊದಲ ವರ್ಷಗಳಲ್ಲಿ ಸ್ಟ್ಯಾಫಿಲೊಕಾಕಸ್ ಮತ್ತು ಹೀಮೋಫಿಲಸ್ ಹೆಚ್ಚು. ಸ್ಯೂಡೋಮೊನಾಸ್ ಸಾಮಾನ್ಯವಾಗಿ ಆಮೇಲೆ ಬರುತ್ತದೆ, ಆದರೆ ನಮ್ಮ ದೇಶದಲ್ಲಿ ಕಾಯಿಲೆ ಗೊತ್ತಾಗುವುದೇ ತಡವಾಗಿ ಆದ್ದರಿಂದ ಮೊದಲ ಕಲ್ಚರ್‌ನಲ್ಲೇ ಅದು ಸಿಗುವ ಮಕ್ಕಳನ್ನು ನಾನು ನೋಡುತ್ತಿರುತ್ತೇನೆ. ಸಾಮಾನ್ಯ ನೆಗಡಿಯ ವೈರಸ್‌ಗಳು ಇವಕ್ಕೆಲ್ಲ ದಾರಿ ಮಾಡಿಕೊಡುತ್ತವೆ. ಮಳೆ ಮತ್ತು ಚಳಿಗಾಲದಲ್ಲಿ ಅವನು ಆಸ್ಪತ್ರೆ ಸೇರುತ್ತಿದ್ದುದಕ್ಕೆ ಬಹುಮಟ್ಟಿಗೆ ಅದೇ ಕಾರಣವಿರಬೇಕು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಕೆಮ್ಮಿಲ್ಲದಿರುವಾಗ ಔಷಧಿ ಕೊಡಬೇಕೇ ಎಂದರೆ, ಕೆಮ್ಮಿಲ್ಲದಿರುವ ಈ ಹೊತ್ತೇ ಅದಕ್ಕೆ ಸರಿಯಾದ ಹೊತ್ತು ಎಂದು ಒತ್ತಿ ಹೇಳುತ್ತೇನೆ. ಸ್ಯೂಡೋಮೊನಾಸ್ ಮೊದಲು ಬಂದಾಗ ಬಿಡಿಬಿಡಿಯಾಗಿ, ಸಂಖ್ಯೆಯಲ್ಲಿ ಕಡಿಮೆಯಾಗಿ ಇರುತ್ತದೆ, ಔಷಧಿಗೆ ಬಗ್ಗುತ್ತದೆ. ಬಿಟ್ಟರೆ ತಿಂಗಳುಗಳಲ್ಲಿ ಅದು ತನ್ನ ಸುತ್ತ ಲೋಳೆಯ ಕವಚ ಕಟ್ಟಿಕೊಂಡು ಶ್ವಾಸನಾಳದ ಗೋಡೆಗೆ ಪದರವಾಗಿ ಅಂಟುತ್ತದೆ. ಆ ಹಂತ ತಲುಪಿದ ಮೇಲೆ ಎಷ್ಟೇ ಪ್ರಬಲ ಔಷಧಿ ಕೊಟ್ಟರೂ ಅದನ್ನು ತಗ್ಗಿಸಬಹುದೇ ಹೊರತು ಬೇರುಸಹಿತ ತೆಗೆಯುವುದು ಬಹಳ ಕಷ್ಟ. ಆದ್ದರಿಂದ ಮೊದಲ ಸಲ ಕಂಡಾಗಲೇ ನಿರ್ಮೂಲ ಮಾಡಲು ಯತ್ನಿಸುವುದು ಎಲ್ಲೆಡೆ ಒಪ್ಪಿರುವ ಪದ್ಧತಿ, 28 ದಿನಗಳ ಟೋಬ್ರಾಮೈಸಿನ್ ಅದರ ಮುಖ್ಯ ಕ್ರಮ. ಉಸಿರಿನ ಮೂಲಕ ಕೊಡುವುದರಿಂದ ಔಷಧಿ ಬೇಕಾದ ಜಾಗಕ್ಕೆ ನೇರ ತಲುಪುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪ. ಔಷಧಿ ಹತ್ತದೆ ಹೋಗುವ ಭಯ ಇರಬೇಕಾದದ್ದು ಅರ್ಧಕ್ಕೆ ನಿಲ್ಲಿಸಿದಾಗ. ಇಪ್ಪತ್ತನೆಯ ದಿನ ಮಗು ಚೆನ್ನಾಗಿದೆ ಎಂದು ಬಿಡಬೇಡಿ. ಅವನು ಮೊದಲ ದಿನವೂ ಚೆನ್ನಾಗಿಯೇ ಇದ್ದನಲ್ಲವೇ.

ಕೊಡುವ ಅನುಕ್ರಮ ಗಮನದಲ್ಲಿರಲಿ. ಶ್ವಾಸನಾಳ ಸಡಿಲಿಸುವ ಔಷಧಿ ಬರೆದಿದ್ದರೆ ಅದು ಮೊದಲು, ಬಳಿಕ ಉಪ್ಪುನೀರು, ಬಳಿಕ ವ್ಯಾಯಾಮ ಮಾಡಿಸಿ ಕಫ ಹೊರಗೆ, ಎಲ್ಲಕ್ಕೂ ಕೊನೆಗೆ ಟೋಬ್ರಾಮೈಸಿನ್. ಕಫ ತುಂಬಿರುವಾಗ ಕೊಟ್ಟ ಆ್ಯಂಟಿಬಯೋಟಿಕ್ ಕಫದ ಮೇಲೆಯೇ ಕೂರುತ್ತದೆ.

ಸೋಂಕು ಉಲ್ಬಣಿಸಿದಾಗ ಊರಿನ ಕ್ಲಿನಿಕ್‌ನಲ್ಲಿ ಕೊಡುವ ಐದು ದಿನದ ಸಿರಪ್ ಇವನಿಗೆ ಸಾಲದು. ಈ ಮಕ್ಕಳ ದೇಹ ಹಲವು ಆ್ಯಂಟಿಬಯೋಟಿಕ್‌ಗಳನ್ನು ಬೇಗ ಹೊರಹಾಕುತ್ತದೆ, ಹಾಗಾಗಿ ಪ್ರಮಾಣವೂ ಹೆಚ್ಚು ಬೇಕು, ಅವಧಿಯೂ ಸಾಮಾನ್ಯವಾಗಿ ಎರಡು ವಾರ ಬೇಕು. ನಿಮ್ಮ ತಜ್ಞ ವೈದ್ಯರಿಂದ ಇದನ್ನು ಒಂದು ಪತ್ರದಲ್ಲಿ ಬರೆಸಿಕೊಂಡು ಕೈಯಲ್ಲಿಟ್ಟುಕೊಳ್ಳಿ. ಕೆಮ್ಮು ನಿಲ್ಲಿಸುವ ಸಿರಪ್ ಮಾತ್ರ ಯಾರು ಕೊಟ್ಟರೂ ಬೇಡ. ಕೆಮ್ಮು ಇವನ ಕೆಲಸದಾಳು. ಜ್ವರವಿರಲೇಬೇಕೆಂದಿಲ್ಲ: ಕೆಮ್ಮು ಹೆಚ್ಚುವುದು, ರಾತ್ರಿ ಎಚ್ಚರವಾಗುವುದು, ಊಟ ಸೇರದಿರುವುದು, ತೂಕ ನಿಂತುಹೋಗುವುದು, ಆಟದ ಮಧ್ಯೆ ಕೂತುಬಿಡುವುದು, ಇವುಗಳಲ್ಲಿ ಒಂದೆರಡು ಕಂಡರೂ ಫೋನ್ ಮಾಡಿ.

ಕ್ಷಯದ ಚಿಕಿತ್ಸೆಯ ಬಗ್ಗೆ ಎರಡು ಮಾತು. ಸಿಸ್ಟಿಕ್ ಫೈಬ್ರೋಸಿಸ್ ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗವನ್ನೇ ಮೊದಲು ಹಾಳುಮಾಡುತ್ತದೆ, ಕ್ಷಯದ ಕಲೆಯೂ ಅಲ್ಲೇ ಕಾಣುವಂಥದ್ದು. ನಮ್ಮ ವೃತ್ತಿಯವರು ಕ್ಷಯವನ್ನು ದಿನವೂ ನೋಡುತ್ತಾರೆ, ಇದನ್ನು ನೋಡುವುದು ಅಪರೂಪ. ಆದರೂ ಹೊಟ್ಟೆಬಾಕನಂತೆ ತಿಂದರೂ ತೂಕ ಏರದ, ಎಣ್ಣೆ ತೇಲುವ ದುರ್ವಾಸನೆಯ ಮಲವಿರುವ, ಎರಡನೆಯ ಸಲ ನ್ಯುಮೋನಿಯಾ ಬಂದ ಮಗುವಿಗೆ ಬೆವರು ಪರೀಕ್ಷೆ ಬರೆಯದಿರುವುದು ನಮ್ಮ ಕಡೆಯ ಲೋಪವೇ, ಅದನ್ನು ಒಪ್ಪಿಕೊಳ್ಳಬೇಕು.

ಸೋದರಸಂಬಂಧದ ವಿಷಯ. ಈ ಕಾಯಿಲೆ ಬರಬೇಕಾದರೆ ತಂದೆ ತಾಯಿ ಇಬ್ಬರಿಂದಲೂ ಒಂದೊಂದು ದೋಷವುಳ್ಳ ವಂಶವಾಹಿ ಬರಬೇಕು. ಇಬ್ಬರೂ ವಾಹಕರಾಗಿದ್ದರೆ (ಅಂಥ ಒಂದು ವಂಶವಾಹಿ ಹೊತ್ತವರಾಗಿದ್ದರೆ) ಪ್ರತಿ ಗರ್ಭದಲ್ಲೂ ಕಾಯಿಲೆಯ ಸಂಭವ ನಾಲ್ಕರಲ್ಲಿ ಒಂದು. ಒಂದೇ ಮನೆತನದವರಾದಾಗ ಇಬ್ಬರಲ್ಲೂ ಅದೇ ದೋಷವಿರುವ ಸಾಧ್ಯತೆ ಹೆಚ್ಚುವುದು ನಿಜ. ಆದರೆ ವಾಹಕರಿಗೆ ಯಾವ ಲಕ್ಷಣವೂ ಇರುವುದಿಲ್ಲ, ಸಂಬಂಧವೇ ಇಲ್ಲದವರಲ್ಲೂ ಹೀಗಾಗುತ್ತದೆ. ನಿಮಗೆ ಗೊತ್ತಿರಲು ದಾರಿಯೇ ಇರಲಿಲ್ಲ. ಮಗನ ವಂಶವಾಹಿ ಪರೀಕ್ಷೆ ಮಾಡಿಸಿ ದೋಷ ಯಾವುದೆಂದು ತಿಳಿದುಕೊಂಡರೆ ಮುಂದಿನ ಗರ್ಭದಲ್ಲಿ ಮೊದಲ ಮೂರು ತಿಂಗಳ ಹೊತ್ತಿಗೇ ಪರೀಕ್ಷಿಸಿ ನೋಡಬಹುದು.

ಕೊನೆಯದಾಗಿ, ಕಲಬುರಗಿಯ ಬೇಸಿಗೆಯಲ್ಲಿ ಸೋಂಕಿಲ್ಲದೆಯೂ ಅವನು ಕುಸಿಯಬಹುದು. ಬೆವರಿನಲ್ಲಿ ಉಪ್ಪು ಹೋಗಿ ಸುಸ್ತು, ವಾಂತಿ, ಮಂಕು ಕವಿಯುವುದು ಕಂಡರೆ ಕೂಡಲೇ ರಕ್ತದ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ನೋಡಿಸಬೇಕು. ಮಜ್ಜಿಗೆಗೆ ಉಪ್ಪು ಹಾಕಿ ಕೊಡಿ, ಓಆರ್‌ಎಸ್ ಪೊಟ್ಟಣ ಮನೆಯಲ್ಲಿರಲಿ.

ಉತ್ತರ: ಕಡಲ ತಡಿಯ ಅಪ್ಪ, ಉಡುಪಿ ಜಿಲ್ಲೆ

ತಂಗಿ, ನನ್ನ ಮಗಳಿಗೆ ಈಗ ಹದಿಮೂರು. ಅವಳಿಗೆ ಎರಡೂವರೆ ವರ್ಷವಿದ್ದಾಗ ಗೊತ್ತಾಯಿತು. ವೈದ್ಯರು ಹೇಳಿದ್ದಕ್ಕೆ ಸೇರಿಸಲು ನನ್ನಲ್ಲಿ ವೈದ್ಯಕೀಯ ಜ್ಞಾನವಿಲ್ಲ, ಹನ್ನೊಂದು ವರ್ಷ ದಿನಕ್ಕೆರಡು ಸಲ ಮಾಡಿದ ಕೆಲಸದ ಅನುಭವವಿದೆ.

ಮೊದಲು ನಮ್ಮ ತಪ್ಪೊಂದನ್ನು ಹೇಳುತ್ತೇನೆ, ನಿಮ್ಮಲ್ಲಿ ಅದು ಆಗದಿರಲಿ. ನೆಬ್ಯುಲೈಸರ್‌ನ ಬಟ್ಟಲನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು, ಕೊಡವಿ, ಅದರ ಡಬ್ಬಿಯೊಳಗಿಟ್ಟು ಮುಚ್ಚಳ ಹಾಕುತ್ತಿದ್ದೆವು. ನೋಡಲು ಶುಚಿಯಾಗಿಯೇ ಇರುತ್ತಿತ್ತು. ಒಂದು ಆಷಾಢದಲ್ಲಿ ಫಿಸಿಯೋಥೆರಪಿಯ ಅಕ್ಕ ಆ ಡಬ್ಬಿಯನ್ನು ತರಲು ಹೇಳಿ ತೆರೆದು ನೋಡಿದಾಗ, ಬಟ್ಟಲಿನ ತಳದ ಸಣ್ಣ ತೂತಿನ ಸುತ್ತ ಲೋಳೆಯಂಥ ತೆಳು ಪೊರೆ ಕೂತಿತ್ತು. ಬೆರಳು ಮುಟ್ಟಿದರೆ ಜಾರುತ್ತಿತ್ತು. ಅದೇ ತಿಂಗಳ ಕಲ್ಚರ್‌ನಲ್ಲಿ ಸ್ಯೂಡೋಮೊನಾಸ್ ಬಂದಿತ್ತು. ಅದು ಆ ಬಟ್ಟಲಿನಿಂದಲೇ ಬಂತೆಂದು ಸಾಧಿಸಲು ಆಗುವುದಿಲ್ಲ, ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗಳ ಎದೆಯೊಳಗೆ ನಾನೇ ಅದನ್ನು ಉಸಿರಾಡಿಸಿದೆನಲ್ಲ ಎಂಬ ಯೋಚನೆ ಬಹಳ ದಿನ ಬಿಡಲಿಲ್ಲ.

ಅಂದಿನಿಂದ ಪ್ರತಿ ಸಲದ ಬಳಿಕ ಬಿಡಿಭಾಗಗಳನ್ನು ಸೋಪಿನ ನೀರಿನಲ್ಲಿ ತೊಳೆಯುತ್ತೇವೆ, ದಿನಕ್ಕೊಮ್ಮೆ ಐದು ನಿಮಿಷ ಕುದಿಸುತ್ತೇವೆ, ನೀರು ಬಸಿದು ಒಗೆದ ಬಿಳಿ ಬಟ್ಟೆಯ ಮೇಲೆ ತೆರೆದೇ ಹರಡುತ್ತೇವೆ. ಕುದಿಸಬಹುದೋ ಇಲ್ಲವೋ ಎಂಬುದನ್ನು ನಿಮ್ಮ ಯಂತ್ರದ ಪುಸ್ತಿಕೆಯಲ್ಲಿ ನೋಡಿಕೊಳ್ಳಿ. ಮಳೆಗಾಲದಲ್ಲಿ ನಮ್ಮಲ್ಲಿ ಉಟ್ಟ ಬಟ್ಟೆಯೂ ಒಣಗುವುದಿಲ್ಲ, ಆದ್ದರಿಂದ ಮೂರು ಜೊತೆ ಬಟ್ಟಲು ಇಟ್ಟುಕೊಂಡಿದ್ದೇವೆ; ಒಂದು ಬಳಕೆಯಲ್ಲಿದ್ದರೆ ಉಳಿದ ಎರಡು ಪೂರ್ತಿ ಒಣಗಲು ಸಮಯ ಸಿಗುತ್ತದೆ. ಒಣಗುವುದೇ ಮುಖ್ಯ, ಏಕೆಂದರೆ ಸ್ಯೂಡೋಮೊನಾಸ್‌ಗೆ ಬೇಕಾದದ್ದು ತೇವ. ಸಿಂಕಿನ ಬಾಯಿ, ಹೂಕುಂಡದ ತಟ್ಟೆ, ದಿನಗಟ್ಟಲೆ ನೀರು ಬದಲಿಸದ ಕೂಲರ್‌ನ ತೊಟ್ಟಿ, ಇವುಗಳ ಬಗ್ಗೆ ಎಚ್ಚರವಿರಲಿ.

ಎದೆಯ ವ್ಯಾಯಾಮವನ್ನು ಅವನು ಚೆನ್ನಾಗಿರುವ ದಿನಗಳಲ್ಲೂ ಬಿಡಬೇಡಿ. ನಾವು ಊಟಕ್ಕೆ ಮುಂಚೆ ಇಟ್ಟುಕೊಂಡಿದ್ದೇವೆ, ಇಲ್ಲದಿದ್ದರೆ ವಾಂತಿಯಾಗುತ್ತದೆ. ಐದು ವರ್ಷದ ಮಗು ಸುಮ್ಮನೆ ಮಲಗಿ ತಟ್ಟಿಸಿಕೊಳ್ಳುವುದು ಎಷ್ಟು ದಿನ? ಬಾಟಲಿಯಲ್ಲಿ ಕುದಿಸಿ ಆರಿಸಿದ ನೀರು ಹಾಕಿ ಕೊಳವೆಯಿಂದ ಗುಳ್ಳೆ ಊದಿಸುವುದನ್ನು ನಮಗೆ ಆಸ್ಪತ್ರೆಯಲ್ಲೇ ಕಲಿಸಿದ್ದರು. ಊದಿದಾಗ ಒಳಗಿನ ಒತ್ತಡ ಶ್ವಾಸನಾಳಗಳನ್ನು ತೆರೆದಿಡುತ್ತದೆ, ಕಫ ಸಡಿಲವಾಗುತ್ತದೆ. ಗುಳ್ಳೆ ಊದಿ, ಬಾಯಿ ತೆರೆದು ಕನ್ನಡಿಗೆ ಹಬೆ ಹಿಡಿಸುವಂತೆ ಹಾ ಎಂದು ಜೋರಾಗಿ ಉಸಿರು ಬಿಟ್ಟು, ಆಮೇಲೆ ಕೆಮ್ಮುವುದು. ಬಾಟಲಿ, ನೀರು, ಕೊಳವೆ ಪ್ರತಿ ಸಲವೂ ಹೊಸದಾಗಿ ಶುಚಿಯಾಗಿರಬೇಕು. ಓಡುವ ಆಟ ಎಷ್ಟಾದರೂ ಆಡಲಿ.

ಶಾಲೆಗೆ ಖಂಡಿತ ಕಳಿಸಿ. ನಾನು ಮೊದಲ ದಿನವೇ ಹೋಗಿ ಟೀಚರ್ ಬಳಿ ಮಾತಾಡಿದೆ: ಇವಳ ಕೆಮ್ಮು ಇತರ ಮಕ್ಕಳಿಗೆ ಅಂಟುವ ಕಾಯಿಲೆಯಲ್ಲ, ತರಗತಿಯಲ್ಲಿ ಕೆಮ್ಮಿದರೆ ಬೈಯಬೇಡಿ, ಹೊರಗೆ ಕಳಿಸಬೇಡಿ, ಬುತ್ತಿ ತಿನ್ನುವ ಮುಂಚೆ ಕ್ಯಾಪ್ಸೂಲ್ ನುಂಗಲೇಬೇಕು, ಕೇಳಿದಾಗ ಶೌಚಾಲಯಕ್ಕೆ ಬಿಡಬೇಕು, ನೆಗಡಿಯಿರುವ ಮಗುವಿನ ಪಕ್ಕ ಕೂರಿಸಬಾರದು. ಇದನ್ನೇ ಕಾಗದದಲ್ಲಿ ಬರೆದೂ ಕೊಟ್ಟೆ. ವರ್ಷಕ್ಕೊಮ್ಮೆ ಫ್ಲೂ ಲಸಿಕೆಯನ್ನು ಅವಳಿಗೆ ಮಾತ್ರವಲ್ಲ, ಮನೆಯಲ್ಲಿ ಎಲ್ಲರೂ ಹಾಕಿಸಿಕೊಳ್ಳುತ್ತೇವೆ.

ಉತ್ತರ: ಪ್ರಯೋಗಾಲಯದಿಂದ, ದಾವಣಗೆರೆ

ನಾನು ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. ಕಲ್ಚರ್ ವರದಿಯ ಮೇಲೆ ಇಷ್ಟೆಲ್ಲ ನಿಂತಿರುವಾಗ, ಆ ವರದಿ ಹೇಗೆ ಹುಟ್ಟುತ್ತದೆಂಬುದು ತಾಯಂದಿರಿಗೂ ಗೊತ್ತಿರಬೇಕು.

ಐದು ವರ್ಷದ ಮಗು ಕಫವನ್ನು ಉಗುಳುವುದಿಲ್ಲ, ನುಂಗುತ್ತದೆ. ಹಾಗಾಗಿ ಗಂಟಲಿನ ಹಿಂಭಾಗಕ್ಕೆ ಹತ್ತಿಯ ಕಡ್ಡಿ ಹಿಡಿದು ಕೆಮ್ಮಿಸಿ ಮಾದರಿ ತೆಗೆಯುತ್ತಾರೆ. ಇದರಲ್ಲಿ ರೋಗಾಣು ಸಿಗದಿದ್ದರೆ ಶ್ವಾಸಕೋಶದ ಆಳದಲ್ಲೂ ಇಲ್ಲವೆಂದು ಹೇಳಲು ಬರುವುದಿಲ್ಲ. ಸಾಧ್ಯವಿರುವಲ್ಲಿ ಉಪ್ಪುನೀರಿನ ನೆಬ್ಯುಲೈಸೇಶನ್ ಕೊಟ್ಟು, ವ್ಯಾಯಾಮ ಮಾಡಿಸಿ, ಆಗ ಬರುವ ಕಫವನ್ನು ಹಿಡಿಯುವುದು ಹೆಚ್ಚು ನಂಬಲರ್ಹ. ಮೂರು ತಿಂಗಳಿಗೊಮ್ಮೆ, ಮಗು ಚೆನ್ನಾಗಿದ್ದರೂ, ಮಾದರಿ ಕೊಡುವುದನ್ನು ಬಿಡಬೇಡಿ. ಹಾಗೆ ಕೊಟ್ಟದ್ದರಿಂದಲೇ ಈ ಸಲ ಬೇಗ ಸಿಕ್ಕಿದೆ.

ಪರೀಕ್ಷೆಯ ಚೀಟಿಯಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಎಂದು ಬರೆದಿದೆಯೇ ನೋಡಿ. ಕೇವಲ ಕೆಮ್ಮು ಎಂದು ಬರೆದಿದ್ದರೆ ನಾವು ಎಲ್ಲರ ಕಫದಂತೆಯೇ ನೋಡಿ ಮುಗಿಸುತ್ತೇವೆ. ಕಾಯಿಲೆಯ ಹೆಸರಿದ್ದರೆ ರೋಗಾಣು ಬೆಳೆಸುವ ತಟ್ಟೆಗಳನ್ನು ಹೆಚ್ಚು ದಿನ ಇಡುತ್ತೇವೆ, ಬರ್ಕ್‌ಹೋಲ್ಡೇರಿಯಾ ಎಂಬ ರೋಗಾಣುವಿಗಾಗಿ ಬೇರೆಯದೇ ತಟ್ಟೆ ಹಾಕುತ್ತೇವೆ. ಸ್ಯೂಡೋಮೊನಾಸ್ ಬೆಳೆದ ತಟ್ಟೆಯನ್ನು ತೆರೆದರೆ ಹಸಿರು ಛಾಯೆ ಕಾಣುತ್ತದೆ, ಮಾಗಿದ ದ್ರಾಕ್ಷಿಯಂಥ ವಾಸನೆ ಮೂಗಿಗೆ ಬರುತ್ತದೆ. ಅದು ಸುಲಭವಾಗಿ ಗುರುತು ಸಿಗುವಂಥದ್ದು. ಬರ್ಕ್‌ಹೋಲ್ಡೇರಿಯಾ ನಿಧಾನವಾಗಿ ಬೆಳೆಯುತ್ತದೆ, ಸ್ಯೂಡೋಮೊನಾಸ್ ಅದನ್ನು ಮುಚ್ಚಿಬಿಡುತ್ತದೆ, ಕೆಲವೊಮ್ಮೆ ಒಂದನ್ನು ಇನ್ನೊಂದೆಂದು ಬರೆಯುವುದೂ ಉಂಟು. ಒಂದು ಸುಳಿವು ಹೇಳುತ್ತೇನೆ: ಬರ್ಕ್‌ಹೋಲ್ಡೇರಿಯಾಕ್ಕೆ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ಹುಟ್ಟಿನಿಂದಲೇ ನಾಟುವುದಿಲ್ಲ. ಮುಂದೆಂದಾದರೂ ವರದಿಯಲ್ಲಿ ಸ್ಯೂಡೋಮೊನಾಸ್ ಎಂದಿದ್ದು ಕೊಲಿಸ್ಟಿನ್‌ಗೆ ಬಗ್ಗುವುದಿಲ್ಲ ಎಂದು ಬಂದರೆ, ರೋಗಾಣುವಿನ ಗುರುತನ್ನು ಮತ್ತೊಮ್ಮೆ ಖಚಿತಪಡಿಸಲು ವೈದ್ಯರ ಮೂಲಕ ಕೇಳಿ.

ಈ ಗುಂಪಿನ ಬರ್ಕ್‌ಹೋಲ್ಡೇರಿಯಾ ಸಿಪೇಸಿಯಾ ಮೊದಲು ವರದಿಯಾದದ್ದು ಮನುಷ್ಯರಲ್ಲಲ್ಲ, ಅಮೆರಿಕದಲ್ಲಿ 1950ರಲ್ಲಿ ಕೊಳೆತ ಈರುಳ್ಳಿಯಲ್ಲಿ. ಸಿಪೇಸಿಯಾ ಎಂಬ ಹೆಸರೇ ಲ್ಯಾಟಿನ್‌ನ ಈರುಳ್ಳಿಯಿಂದ ಬಂದಿದೆ. ಅದೇ ಕುಲದ ಇನ್ನೊಂದು, ಮೆಲಿಯಾಯ್ಡೋಸಿಸ್ ಎಂಬ ತೀವ್ರ ಸೋಂಕು ತರುವಂಥದ್ದು, ಉಡುಪಿ ಮತ್ತು ದಕ್ಷಿಣ ಕನ್ನಡದ ಮಣ್ಣು ನೀರಿನಲ್ಲಿದೆ, ಮಳೆಗಾಲದಲ್ಲಿ ಕಾಣಿಸಿಕೊಳ್ಳುತ್ತದೆ. ಉಡುಪಿಯ ಅಣ್ಣನವರು ಮಗಳನ್ನು ನಾಟಿಯ ಗದ್ದೆಯ ಕೆಸರಿಗೆ ಇಳಿಸದಿರುವುದು ಒಳ್ಳೆಯದು.

ಬಿಸಿಲೂರಿನ ತಾಯಿ

ಡಾಕ್ಟರೇ, ಅಣ್ಣಾ, ಅಕ್ಕಾ, ಪ್ರತಿಯೊಂದು ಸಾಲನ್ನೂ ಯಜಮಾನರಿಗೆ ಓದಿ ಹೇಳಿದೆ. ಅಕ್ಕಾ, ಈರುಳ್ಳಿಯ ಮಾತು ಓದಿ ಎದೆ ಝಲ್ಲೆಂದಿತು. ನಮ್ಮ ಮಾವನವರ ಹೊಲದ ಉಳ್ಳಾಗಡ್ಡಿ ಪಡಸಾಲೆಯಲ್ಲೇ ಗೋಡೆಯುದ್ದಕ್ಕೂ ರಾಶಿ ಬಿದ್ದಿದೆ, ಮಗ ಆಡುವುದೂ ಅಲ್ಲೇ. ಅಡುಗೆಗೂ ಬಳಸಬಾರದೇ?

ಪ್ರಯೋಗಾಲಯದಿಂದ, ದಾವಣಗೆರೆ

ಅಡುಗೆಗೆ ಧಾರಾಳವಾಗಿ ಬಳಸಿ, ಒಳ್ಳೆಯ ಗಡ್ಡೆಯಿಂದ ಭಯವಿಲ್ಲ. ಕೊಳೆತು ನೀರಾದ ಗಡ್ಡೆಗಳನ್ನು ಆರಿಸುವ ಕೆಲಸದ ಹತ್ತಿರ ಅವನು ಇರಬಾರದು, ರಾಶಿಯನ್ನು ಮನೆಯ ಹೊರಗೆ ಗಾಳಿಯಾಡುವ ಕಡೆಗೆ ಸಾಗಿಸುವುದು ಉತ್ತಮ. ಹಸಿ ಗೊಬ್ಬರ, ಕೊಳೆತ ಮೇವು, ಧೂಳೆಬ್ಬಿಸುವ ಹಳೆಯ ಹುಲ್ಲಿಗೂ ಇದೇ ಮಾತು, ಅವುಗಳಿಂದ ಬೂಷ್ಟಿನ ಸೋಂಕೂ ಬರುತ್ತದೆ.

ಉತ್ತರ: ಡಬ್ಲಿನ್‌ನಿಂದ ಮೈಸೂರಿನವಳು

ನಾವು ಐರ್ಲೆಂಡಿನಲ್ಲಿದ್ದೇವೆ. ಜಗತ್ತಿನಲ್ಲಿ ಈ ಕಾಯಿಲೆ ಅತಿ ಹೆಚ್ಚಾಗಿರುವ ದೇಶಗಳಲ್ಲಿ ಇದು ಒಂದು, ಆದ್ದರಿಂದ 2011ರಿಂದ ಇಲ್ಲಿ ಹುಟ್ಟಿದ ಪ್ರತಿ ಮಗುವಿನ ಹಿಮ್ಮಡಿಯಿಂದ ರಕ್ತದ ಹನಿ ತೆಗೆದು ಇದಕ್ಕಾಗಿ ಪರೀಕ್ಷಿಸುತ್ತಾರೆ. ನನ್ನ ಮಗನಿಗೆ ತಿಂಗಳು ತುಂಬುವುದರೊಳಗೆ ಗೊತ್ತಾಯಿತು. ನಿಮ್ಮ ನಾಲ್ಕೂವರೆ ವರ್ಷಗಳನ್ನು ಓದುವಾಗ ಕಣ್ಣು ತುಂಬಿತು.

ಒಂದು ವಿಷಯ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಇದೇ ಕಾಯಿಲೆಯಿರುವ ಇನ್ನೊಂದು ಮಗುವನ್ನು ನಿಮ್ಮ ಮಗನ ಜೊತೆ ಆಡಲು ಬಿಡಬೇಡಿ. ಕೇಳಲು ಕಠೋರವಾಗಿದೆ, ಆದರೆ ಇತರ ಮಕ್ಕಳಿಗೆ ಏನೂ ಮಾಡದ ಈ ರೋಗಾಣುಗಳು ಇಂಥ ಒಂದು ಮಗುವಿನಿಂದ ಇನ್ನೊಂದಕ್ಕೆ ಸುಲಭವಾಗಿ ದಾಟುತ್ತವೆ. ಹಿಂದೆ ವಿದೇಶಗಳಲ್ಲಿ ಈ ಮಕ್ಕಳಿಗಾಗಿಯೇ ಬೇಸಿಗೆ ಶಿಬಿರಗಳು ನಡೆಯುತ್ತಿದ್ದವು. ಅಲ್ಲಿ ಬರ್ಕ್‌ಹೋಲ್ಡೇರಿಯಾ ಹರಡುತ್ತಿದೆಯೆಂದು ತಿಳಿದ ಮೇಲೆ ಅವನ್ನು ನಿಲ್ಲಿಸಿದರು. ಇಲ್ಲಿನ ಆಸ್ಪತ್ರೆಯಲ್ಲಿ ಇಬ್ಬರು ಮಕ್ಕಳನ್ನು ಒಂದೇ ಕಾಯುವ ಕೋಣೆಯಲ್ಲಿ ಕೂರಿಸುವುದಿಲ್ಲ, ಎರಡು ಮೀಟರ್ ಅಂತರ ಕಡ್ಡಾಯ. ನಿಮ್ಮ ಆಸ್ಪತ್ರೆಯ ಉದ್ದ ಸಾಲಿನಲ್ಲಿ ಅವನಿಗೆ ಮಾಸ್ಕ್ ಹಾಕಿಸಿ, ಸಾಧ್ಯವಾದರೆ ಮೊದಲ ಸಂಖ್ಯೆಯ ಚೀಟಿ ಪಡೆಯಿರಿ. ತಾಯಂದಿರು ನಾವು ಫೋನಿನಲ್ಲಿ, ವಿಡಿಯೋದಲ್ಲಿ ಎಷ್ಟಾದರೂ ಮಾತಾಡೋಣ.

ಹೊಸ ಮಾತ್ರೆಗಳ ಬಗ್ಗೆ ನೀವು ಕೇಳಿರಬಹುದು. ಕೆಟ್ಟ ಬಾಗಿಲನ್ನೇ ದುರಸ್ತಿ ಮಾಡುವ ಮೂರು ಔಷಧಿಗಳ ಮಾತ್ರೆಗೆ ಅಮೆರಿಕದಲ್ಲಿ 2019ರಲ್ಲಿ ಹನ್ನೆರಡು ದಾಟಿದವರಿಗೆ, 2021ರಲ್ಲಿ ಆರು ದಾಟಿದವರಿಗೆ, 2023ರಲ್ಲಿ ಎರಡು ವರ್ಷ ದಾಟಿದ ಮಕ್ಕಳಿಗೆ ಅನುಮತಿ ಸಿಕ್ಕಿತು. ನನ್ನ ಮಗ ಅದನ್ನು ತೆಗೆದುಕೊಳ್ಳಲು ಆರಂಭಿಸಿದ ಮೇಲೆ ಆಸ್ಪತ್ರೆ ಸೇರಿಲ್ಲ. ಆದರೆ ಅದು ಎಲ್ಲ ದೋಷಗಳಿಗೂ ಕೆಲಸ ಮಾಡುವುದಿಲ್ಲ, ಬೆಲೆಯಂತೂ ಸಾಮಾನ್ಯ ಕುಟುಂಬದ ಕೈಗೆ ಎಟುಕುವಂಥದ್ದಲ್ಲ. ಅದಕ್ಕಾಗಿಯೇ ಡಾಕ್ಟರ್ ಹೇಳಿದ ವಂಶವಾಹಿ ಪರೀಕ್ಷೆಯನ್ನು ಮುಂದೂಡಬೇಡಿ. ಯಾವ ದೋಷವೆಂದು ಗೊತ್ತಿದ್ದರೆ ಯಾವ ಬಾಗಿಲು ತಟ್ಟಬೇಕೆಂಬುದೂ ಗೊತ್ತಾಗುತ್ತದೆ. ಭಾರತ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಸಿಸ್ಟಿಕ್ ಫೈಬ್ರೋಸಿಸ್ ಹೆಸರಿದೆ, ಡಾರ್ನೇಸ್ ಔಷಧಿಯನ್ನು ಅದರಲ್ಲಿ ಉಲ್ಲೇಖಿಸಿದ್ದಾರೆ. ಆ ನೀತಿಯಡಿ ಗುರುತಿಸಿದ ಕೇಂದ್ರಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವೂ ಒಂದು. ಅಲ್ಲಿ ನೋಂದಣಿಯ ಬಗ್ಗೆ ವಿಚಾರಿಸಿ.

ಬಿಸಿಲೂರಿನ ತಾಯಿ

ಸೋಮವಾರದಿಂದ ಟೋಬ್ರಾಮೈಸಿನ್ ಆರಂಭಿಸಿದ್ದೇವೆ, ಇಂದು ನಾಲ್ಕನೆಯ ದಿನ. ಗೋಡೆಯ ಕ್ಯಾಲೆಂಡರ್‌ನಲ್ಲಿ ಪ್ರತಿ ಸಲದ ಬಳಿಕ ಮಗನೇ ಒಂದು ಗೆರೆ ಎಳೆಯುತ್ತಾನೆ. ಉಳ್ಳಾಗಡ್ಡಿಯನ್ನು ಯಜಮಾನರು ಮತ್ತು ಮೈದುನ ಸೇರಿ ಹಿತ್ತಲಿನ ಶೆಡ್ಡಿಗೆ ಸಾಗಿಸಿದರು. ಮಾವನವರು ಮೊದಲು ಬೇಸರಪಟ್ಟರು, ಆಮೇಲೆ ತಾವೇ ಪಡಸಾಲೆಯನ್ನು ತೊಳೆಸಿದರು.

ಬರೆಯಲೋ ಬೇಡವೋ ಎಂದು ಮೂರು ದಿನದಿಂದ ಯೋಚಿಸುತ್ತಿದ್ದೆ. ನನಗೆ ಒಬ್ಬಳು ಮಗಳಿದ್ದಾಳೆ, ಹನ್ನೊಂದು ತಿಂಗಳು. ಅವಳಿಗೆ ಇದುವರೆಗೆ ಒಂದು ನೆಗಡಿ ಬಿಟ್ಟರೆ ಏನೂ ಆಗಿಲ್ಲ, ತೂಕ ಮಾತ್ರ ಸ್ವಲ್ಪ ಕಡಿಮೆ. ನಿನ್ನೆ ಮಧ್ಯಾಹ್ನ ತೊಟ್ಟಿಲಿನಿಂದ ಎತ್ತಿಕೊಂಡಾಗ ಅವಳ ಹಣೆಗೆ ತುಟಿ ತಾಗಿಸಿ ನೋಡಿದೆ. ಉಪ್ಪೆನಿಸಿತು, ಆದರೆ ಅದು ನಿಜವೋ ನನ್ನ ಭಯವೋ ಗೊತ್ತಾಗುತ್ತಿಲ್ಲ. ಅವಳಿಗೂ ಪರೀಕ್ಷೆ ಮಾಡಿಸಬೇಕೇ, ಅಥವಾ ಏನಾದರೂ ಕಾಣಿಸಿಕೊಳ್ಳುವವರೆಗೆ ಕಾಯಬಹುದೇ?

ಮಕ್ಕಳ ವೈದ್ಯ, ಶಿವಮೊಗ್ಗ

ಕಾಯಬೇಡಿ, ಅಮ್ಮಾ. ಹಣೆ ಉಪ್ಪಾಗಿರಲಿ ಇಲ್ಲದಿರಲಿ, ಈ ಕಾಯಿಲೆಯಿರುವ ಮಗುವಿನ ಒಡಹುಟ್ಟಿದವರಿಗೆಲ್ಲ ಬೆವರು ಪರೀಕ್ಷೆ ಆಗಲೇಬೇಕು. ಮಗನ ಪರೀಕ್ಷೆ ಆದ ದಿನವೇ ಇದನ್ನು ನಿಮಗೆ ಹೇಳಬೇಕಿತ್ತು. ನಾಳೆಯೇ ಫೋನ್ ಮಾಡಿ ದಿನ ಗೊತ್ತುಮಾಡಿಕೊಳ್ಳಿ. ಚುಚ್ಚುವುದೇನೂ ಇಲ್ಲ, ತೋಳಿನ ಮೇಲೆ ಔಷಧಿ ಇಟ್ಟು ಸಣ್ಣ ವಿದ್ಯುತ್ ಹರಿಸಿ ಬೆವರು ಬರಿಸುತ್ತಾರೆ, ಅರ್ಧ ಗಂಟೆ ಅದನ್ನು ಸಂಗ್ರಹಿಸುತ್ತಾರೆ. ಬೆವರು ಸಾಕಷ್ಟು ಸಿಗದೆ ವಾಪಸು ಕಳಿಸುವುದುಂಟು, ಆದ್ದರಿಂದ ಹಿಂದಿನ ದಿನದಿಂದಲೇ ಚೆನ್ನಾಗಿ ಹಾಲು, ನೀರು ಕುಡಿಸಿ ಕರೆದೊಯ್ಯಿರಿ, ತೋಳಿಗೆ ಎಣ್ಣೆ ಅಥವಾ ಕ್ರೀಮ್ ಹಚ್ಚಬೇಡಿ.

ನಾಲ್ಕರಲ್ಲಿ ಮೂರು ಪಾಲು ಅವಳಿಗೆ ಕಾಯಿಲೆ ಇಲ್ಲದಿರುವ ಸಂಭವವೇ ಇದೆ. ಇದ್ದರೂ, ಅವಳ ಅಣ್ಣನಿಗೆ ಸಿಗದೆ ಹೋದ ಆ ನಾಲ್ಕು ವರ್ಷಗಳು ಅವಳ ಕೈಯಲ್ಲಿರುತ್ತವೆ. ಫಲಿತಾಂಶ ಬರುವವರೆಗೆ ಇಬ್ಬರಿಗೂ ಲೋಟ, ಚಮಚ, ಟವೆಲ್ ಬೇರೆಯಿರಲಿ, ಅವನ ನೆಬ್ಯುಲೈಸೇಶನ್ ಮತ್ತು ಎದೆಯ ವ್ಯಾಯಾಮ ನಡೆಯುವಾಗ ಅವಳನ್ನು ಇನ್ನೊಂದು ಕೋಣೆಯಲ್ಲಿ ಅಜ್ಜಿ ಎತ್ತಿಕೊಂಡಿರಲಿ.